ನಾಲೆಯ ಗೋಡೆಗೆ ನಾನು ಎಳೆದ ಗೆರೆ

ಶ್ರಾವಣದ ಎರಡನೇ ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ಗುಬ್ಬಿ ತಾಲ್ಲೂಕಿನ ನಮ್ಮೂರು, ನಾಲೆಯ ಬಲದಂಡೆ, ತೆಪ್ಪ ಕಟ್ಟುವ ಜಾಗ. ಹಾಜರಿದ್ದವರು: ಇಲಾಖೆಯ ಸಹಾಯಕ ಎಂಜಿನಿಯರ್, ಠಾಣೆಯಿಂದ ಬಂದ ಹೆಡ್ ಕಾನ್‌ಸ್ಟೇಬಲ್, ತೆಪ್ಪ ನಡೆಸುವವನು, ದೂರು ಕೊಟ್ಟಿದ್ದ ಯುವಕ, ನನ್ನ ತಮ್ಮ, ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ತಮ್ಮನ ಹೆಂಡತಿ, ಮತ್ತು ನಾನು.

ದಿನಚರಿಯನ್ನು ಹೀಗೆ ಶುರು ಮಾಡುವುದು ನನಗೆ ನೌಕರಿಯಿಂದ ಬಂದ ಅಭ್ಯಾಸ. ಇದೇ ನಾಲೆಯ ಮೇಲೆ ವರ್ಕ್ ಇನ್‌ಸ್ಪೆಕ್ಟರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಬೆಳಿಗ್ಗೆ ಆರು ಗಂಟೆಗೆ ನೀರಿನ ಮಟ್ಟದ ಗೇಜ್ ಓದಬೇಕು, ಓದಿದ್ದನ್ನು ಅಲ್ಲೇ ನಿಂತು ಬರೆಯಬೇಕು, ಮನೆಗೆ ಬಂದು ನೆನಪಿನಿಂದ ಬರೆಯಬಾರದು. ಅದಕ್ಕೂ ಮೊದಲು ತುಮಕೂರಿನಲ್ಲಿ ಮಠದ ಹಾಸ್ಟೆಲಿನಲ್ಲಿ ಓದಿದೆ. ನಾಲ್ಕೂವರೆಗೆ ಗಂಟೆ ಹೊಡೆಯುತ್ತಿತ್ತು. ಐದಕ್ಕೆ ಸ್ನಾನ ಮುಗಿದು ಹಣೆಗೆ ವಿಭೂತಿ ಬಿದ್ದಿರಬೇಕಿತ್ತು. ಈಗ ತುಮಕೂರಿನಲ್ಲೇ ಮನೆ. ಗಂಟೆ ಹೊಡೆಯುವವರು ಯಾರೂ ಇಲ್ಲದಿದ್ದರೂ ನಾಲ್ಕೂವರೆಗೆ ಎಚ್ಚರವಾಗುತ್ತದೆ.

ಆ ಮಂಗಳವಾರ ತೀರ್ಮಾನವಾಗಬೇಕಿದ್ದದ್ದು ಒಂದೇ ವಿಷಯ. ನಾಲ್ಕು ದಿನದ ಹಿಂದೆ, ಶುಕ್ರವಾರ ಬೆಳಿಗ್ಗೆ, ನಾಲೆ ದಾಟುವಾಗ ತೆಪ್ಪ ಮಗುಚಿ ಇಬ್ಬರು ಹೆಂಗಸರು ನೀರಿಗೆ ಬಿದ್ದಿದ್ದರು. ಒಬ್ಬಳು ನನ್ನ ತಮ್ಮನ ಹೆಂಡತಿ. ಇನ್ನೊಬ್ಬಳು ಹಿರೇಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಎಡದಂಡೆಯ ತನ್ನ ಮನೆಗೆ ಹೋಗುತ್ತಿದ್ದ ಹುಡುಗಿ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಇಬ್ಬರೂ ಉಳಿದರು. ಹುಡುಗಿಯ ಗಂಡ, ತೆಪ್ಪದವನು ಕುಡಿದು ತೆಪ್ಪ ನಡೆಸಿದ ಎಂದು ಠಾಣೆಗೆ ದೂರು ಕೊಟ್ಟ.

ನಾಲೆಯ ಕಾಂಕ್ರೀಟಿನ ಮೇಲೆ ಒಂದು ಕೆಂಪು ಗೆರೆ ಇತ್ತು. ನೀರು ಗೆರೆಗಿಂತ ಕೆಳಗಿದ್ದರೆ ದಾಟಬಹುದು, ಮೇಲೆ ಬಂದರೆ ದಾಟುವಂತಿಲ್ಲ. ಶುಕ್ರವಾರ ನೀರು ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತೆಂದು ಎಲ್ಲರೂ ಒಪ್ಪಿದ್ದರು. ದಾಟಬಹುದಾದ ನೀರಿನಲ್ಲಿ ತೆಪ್ಪ ಮಗುಚಿತೆಂದರೆ ತಪ್ಪು ನೀರಿನದಲ್ಲ, ನಡೆಸಿದವನದು. ಅವನ ಮೇಲೆ ಕೇಸಾಗುತ್ತದೆ, ತೆಪ್ಪ ಠಾಣೆಗೆ ಹೋಗುತ್ತದೆ, ಕುಡುಕನೆಂಬ ಹೆಸರು ಊರಿನಲ್ಲಿ ಉಳಿಯುತ್ತದೆ. ಹೆಡ್ ಕಾನ್‌ಸ್ಟೇಬಲ್ ಬರುವಾಗಲೇ ಕಾಗದದ ಅರ್ಧ ಭಾಗ ಬರೆದುಕೊಂಡು ಬಂದಿದ್ದರು.

ಆ ಗೆರೆ ಎಳೆದವನು ನಾನು. ಅದು ಎಂಜಿನಿಯರ್‌ಗೂ ಗೊತ್ತಿರಲಿಲ್ಲ, ಪೊಲೀಸರಿಗೂ ಗೊತ್ತಿರಲಿಲ್ಲ.

ಗೆರೆ ಯಾಕೆ ಬಂತೆಂದು ಮೊದಲು ಹೇಳಬೇಕು. ನಾಲೆ ತೋಡಿದಾಗ ನಮ್ಮ ಊರು ಬಲದಂಡೆಯಲ್ಲಿ ಉಳಿಯಿತು, ತೆಂಗಿನ ತೋಟಗಳಲ್ಲಿ ಹೆಚ್ಚಿನವು ಎಡದಂಡೆಗೆ ಹೋದವು. ಸೇತುವೆ ಇರುವುದು ಮೂರು ಕಿಲೋಮೀಟರ್ ಕೆಳಗೆ. ಎದುರಿಗೇ ಕಾಣುವ ಮರದ ಬುಡ ತಲುಪಲು ಆರು ಕಿಲೋಮೀಟರ್ ಸುತ್ತಬೇಕು. ಕೆಲವು ವರ್ಷ ಜನ ಸುತ್ತಿದರು. ಆಮೇಲೆ ತೆಪ್ಪ ಬಂತು.

ತೆಪ್ಪದವನು ಕುಣಿಗಲ್ ಕಡೆಯವನು. ಅಲ್ಲಿಯ ದೊಡ್ಡ ಕೆರೆಯಲ್ಲಿ ಅವನ ಅಪ್ಪ, ತಾತ ಮೀನು ಹಿಡಿದವರು. ನಮ್ಮೂರಿನ ಹೆಣ್ಣನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದ. ಬಂದ ಎರಡನೇ ವರ್ಷ ಕುಣಿಗಲ್ಲಿನಿಂದ ಲಗೇಜ್ ಆಟೋದಲ್ಲಿ ತೆಪ್ಪ ತಂದ: ಬಿದಿರಿನ ದೊಡ್ಡ ಬುಟ್ಟಿ, ಹೊರಮೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ಟಾರು ಬಳಿದದ್ದು. ಈ ದಡದ ಕಲ್ಲುಕಂಬದಿಂದ ಆ ದಡದ ಕಲ್ಲುಕಂಬಕ್ಕೆ ನೈಲಾನ್ ಹಗ್ಗ ಎಳೆದು ಕಟ್ಟಿದೆವು. ಅವನು ತೆಪ್ಪದಲ್ಲಿ ನಿಂತು ಹಗ್ಗವನ್ನು ಕೈಯಿಂದ ಕೈಗೆ ಎಳೆಯುತ್ತ ದಾಟಿಸುತ್ತಿದ್ದ. ಹುಟ್ಟು ಜೊತೆಯಲ್ಲಿರುತ್ತಿತ್ತು, ಬಳಸುತ್ತಿದ್ದದ್ದು ಕಡಿಮೆ. ದಾಟಿಸಿದ್ದಕ್ಕೆ ಮನೆಗಳವರು ಸುಗ್ಗಿಯಲ್ಲಿ ರಾಗಿ ಕೊಡುತ್ತಿದ್ದರು, ಕೀಳಿಸಿದಾಗ ತೆಂಗಿನಕಾಯಿ ಕೊಡುತ್ತಿದ್ದರು.

ನಿಯಮವಿಲ್ಲದೆ ನಡೆಯುವ ಕೆಲಸ ನನಗೆ ಆಗದು. ಮೊದಲ ಸಲ ಆ ತೆಪ್ಪದಲ್ಲಿ ಕೂತಾಗ ಅದರಲ್ಲಿ ಏಳು ಜನ ಇದ್ದೆವು, ಜೊತೆಗೆ ಒಂದು ಮೇಕೆ. ಆ ವಾರವೇ ಅವನನ್ನು ಕೂರಿಸಿಕೊಂಡು ಅವನಿಗೆ ಗೊತ್ತಿದ್ದದ್ದನ್ನೆಲ್ಲ ಕೇಳಿ ಬರೆದುಕೊಂಡೆ. ನಾಲ್ಕು ಜನಕ್ಕಿಂತ ಹೆಚ್ಚು ಬೇಡ. ಎಲ್ಲರೂ ತಳದಲ್ಲಿ ಕಾಲು ಮಡಚಿ, ಎದುರುಬದುರು, ಭಾರ ಸಮ ಬೀಳುವಂತೆ ಕೂರಬೇಕು. ಹೊರೆ ನಡುವೆ. ಬ್ಯಾಗನ್ನು ಕುತ್ತಿಗೆಗೆ ಹಾಕಿಕೊಳ್ಳಬಾರದು. ತೆಪ್ಪದವನ ಕಾಲು ದಡ ಮುಟ್ಟುವವರೆಗೆ ಯಾರೂ ಏಳಬಾರದು. ಹಗ್ಗವನ್ನು ಅವನೊಬ್ಬನೇ ಮುಟ್ಟಬೇಕು. ನೀರಿಗೆ ಬಿದ್ದರೆ ಎದುರು ಈಜಬಾರದು. ಅಂಗಾತ ತೇಲಿ, ಕಾಲು ಮುಂದೆ ಮಾಡಿ, ದನ ಇಳಿಯುವ ಇಳಿಜಾರು ಬಂದಾಗ ಅದರ ಕಡೆ ಹೊರಳಬೇಕು. ಇದರಲ್ಲಿ ನನ್ನದು ಬರವಣಿಗೆ ಮಾತ್ರ, ತಿಳಿವಳಿಕೆ ಅವನದು. ಎಣ್ಣೆಯ ಎರಡು ಖಾಲಿ ಕ್ಯಾನುಗಳಿಗೆ ಬಿರಡೆ ಬಿಗಿದು, ಹುರಿಯಲ್ಲಿ ಕಟ್ಟಿ ತೆಪ್ಪದಲ್ಲಿ ಹಾಕಿದ್ದೂ ಅವನೇ.

ನೀರಿಗೆ ಅವನಲ್ಲಿ ಮೂರು ಮಾತಿದ್ದವು. ನೀರು ನಡೀತೈತೆ ಅಂದರೆ ಧೈರ್ಯವಾಗಿ ಕೂರಬಹುದು. ಓಡ್ತೈತೆ ಅಂದರೆ ಇಬ್ಬರನ್ನು ಮಾತ್ರ ಕೂರಿಸುತ್ತಿದ್ದ. ಎಳೀತೈತೆ ಅಂದರೆ ತೆಪ್ಪವನ್ನು ದಡದ ಮೇಲೆ ಬೋರಲು ಹಾಕಿ ಬೀಡಿ ಹಚ್ಚುತ್ತಿದ್ದ. ಇದನ್ನು ಅವನು ಕಣ್ಣಿನಿಂದ ಹೇಳುತ್ತಿರಲಿಲ್ಲ. ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ಸ್ವಲ್ಪ ಹೊತ್ತು ನಿಂತು ಹೇಳುತ್ತಿದ್ದ.

ನನಗೆ ಇದು ಸಾಲಲಿಲ್ಲ. ಒಬ್ಬನ ಕಾಲಿಗೆ ಅನ್ನಿಸಿದ್ದು ನಿಯಮವಾಗುವುದು ಹೇಗೆ? ಅವನಿಗೆ ಜ್ವರ ಬಂದ ದಿನ ಇನ್ನೊಬ್ಬ ತೆಪ್ಪ ಹಿಡಿದರೆ ಅವನಿಗೆ ತಿಳಿಯುವುದು ಹೇಗೆ? ಆದ್ದರಿಂದ ಅಳತೆಗೆ ಇಳಿದೆ. ದಡದ ಮೇಲೆ ಮೂವತ್ತು ಮೀಟರ್ ದೂರಕ್ಕೆ ಎರಡು ಗೂಟ ಹೊಡೆದು, ಎಳನೀರಿನ ಬುರುಡೆ ತೇಲಿಬಿಟ್ಟು, ಗಡಿಯಾರ ಹಿಡಿದು ನಿಂತೆ. ನೌಕರಿಯಲ್ಲಿ ನೂರಾರು ಸಲ ಮಾಡಿದ ಕೆಲಸ. ಹಲವು ದಿನ, ಹಲವು ಮಟ್ಟದ ನೀರಿನಲ್ಲಿ ಅಳೆದೆ. ಅವನು ನೀರಿನಲ್ಲಿ ನಿಂತು ಓಡ್ತೈತೆ ಎಂದು ಮೊದಲ ಸಲ ಹೇಳಿದ ದಿನ ನೀರು ಎಲ್ಲಿತ್ತೋ ಅಲ್ಲಿಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದೆ. ಆ ದಿನ ಬುರುಡೆ ಮೂವತ್ತು ಮೀಟರ್ ಹೋಗಲು ಒಂದು ನಿಮಿಷ ಹತ್ತು ಸೆಕೆಂಡ್ ತೆಗೆದುಕೊಂಡಿತ್ತು. ಎರಡನ್ನೂ ಡೈರಿಯಲ್ಲಿ ಬರೆದೆ. ತಗಡಿನ ಬೋರ್ಡಿನಲ್ಲಿ ಮಾತ್ರ ಒಂದನ್ನೇ ಬರೆಸಿದೆ: ಕೆಂಪು ಗೆರೆ ಮುಳುಗಿದರೆ ತೆಪ್ಪ ಇಲ್ಲ. ಜನಕ್ಕೆ ಸೆಕೆಂಡಿನ ಲೆಕ್ಕ ಯಾಕೆ ಎಂದುಕೊಂಡೆ.

ವರ್ಷಗಟ್ಟಲೆ ಏನೂ ಆಗಲಿಲ್ಲ. ಊರಿನಲ್ಲಿ ನನಗೆ ಇನ್‌ಸ್ಪೆಕ್ಟ್ರು ಎಂದು ಹೆಸರಿತ್ತು, ಗೆರೆಗೂ ಇನ್‌ಸ್ಪೆಕ್ಟ್ರ ಗೆರೆ ಎಂದೇ ಹೆಸರಾಯಿತು. ಆದರೆ ನಿಯಮ ಜನರ ಬಾಯಿಗೆ ಹೋದ ಮೇಲೆ ನಿಧಾನವಾಗಿ ತಿರುಗಿ ಕೂತಿತು. ಗೆರೆ ಮುಳುಗಿದರೆ ತೆಪ್ಪ ಇಲ್ಲ ಎಂದು ನಾನು ಬರೆಸಿದ್ದೆ. ಗೆರೆ ಕಾಣುತ್ತಿದ್ದರೆ ತೆಪ್ಪ ಬಿಡಲೇಬೇಕು ಎಂದು ಅವರು ಓದಿಕೊಂಡರು. ತೆಪ್ಪದವನು ನೀರಿನಲ್ಲಿ ನಿಂತು ಅನುಮಾನ ಮಾಡಿದರೆ ಗೆರೆ ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು. ಮನೆ ಅಳಿಯ ಬೇರೆ; ಊರಿನವರಿಗೆ ಇಲ್ಲ ಎನ್ನುವುದು ಅವನಿಗೆ ಸುಲಭವಿರಲಿಲ್ಲ. ಒಂದು ಸಲ ನನ್ನ ಹತ್ತಿರ ಬಂದು, ಗೆರೆ ಇರಲಿ, ನನ್ನ ಮಾತೂ ನಡೀಲಿ ಅಂತ ಬೋರ್ಡಿನಲ್ಲಿ ಬರೆಸಿ ಎಂದು ಕೇಳಿದ. ಎರಡು ನಿಯಮ ಇದ್ದರೆ ನಿಯಮವೇ ಇಲ್ಲದ ಹಾಗೆ ಎಂದು ನಾನು ಹೇಳಿ ಕಳಿಸಿದೆ. ಅವನು ಮತ್ತೆ ಕೇಳಲಿಲ್ಲ.

ಹೋದ ಬೇಸಿಗೆಯಲ್ಲಿ ನಾಲೆಗೆ ಹೊಸದಾಗಿ ಕಾಂಕ್ರೀಟ್ ಹಾಕಿದರು. ಹಳೆಯ ಚಪ್ಪಡಿಗಳು ಒಡೆದು, ಸಂದಿಯಲ್ಲಿ ಹುಲ್ಲು, ಜೊಂಡು, ಅತ್ತಿಯ ಬೇರು ಎಲ್ಲ ಬೆಳೆದಿದ್ದವು. ನೀರು ತಡೆದು ತಡೆದು ಹೋಗುತ್ತಿತ್ತು. ಅವನ್ನೆಲ್ಲ ಕಿತ್ತು, ತಳ ಕೆರೆದು, ಎರಡು ಕಡೆಗೂ ಸ್ಲೇಟಿನಂತೆ ನುಣ್ಣಗೆ ಮಾಡಿದರು. ಒಳ್ಳೆಯ ಕೆಲಸ. ಹಳೆಯ ಚಪ್ಪಡಿಯ ಜೊತೆ ನನ್ನ ಗೆರೆ ಹೋಗುತ್ತದೆಂದು ತಿಳಿದು, ಕೆಲಸ ಶುರುವಾಗುವ ಮೊದಲೇ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗೆರೆಯ ಮಟ್ಟವನ್ನು ಕಲ್ಲುಕಂಬಕ್ಕೆ ಗುರುತು ಹಾಕಿಟ್ಟಿದ್ದೆ. ಕಾಂಕ್ರೀಟ್ ಒಣಗಿದ ಮೇಲೆ ಅದೇ ಪೈಪಿನಿಂದ ಮಟ್ಟವನ್ನು ಇಳಿಸಿಕೊಂಡು ಹೊಸ ಗೆರೆ ಎಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತಮ್ಮನನ್ನು ಕರೆದು ತೋರಿಸಿದೆ. ಸಂತೋಷವಾಗಿತ್ತು.

ನುಣುಪಾದ ನಾಲೆಯಲ್ಲಿ ಅದೇ ಆಳದ ನೀರು ಮೊದಲಿಗಿಂತ ಬಹಳ ಜೋರಾಗಿ ಹರಿಯುತ್ತದೆ. ಇದನ್ನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಮಗೆ ಹೇಳಿಕೊಟ್ಟಿದ್ದರು. ನಾನೂ ನನ್ನ ಕೈಕೆಳಗಿನವರಿಗೆ ಹೇಳಿಕೊಟ್ಟಿದ್ದೆ.

ಶುಕ್ರವಾರ ನಡೆದದ್ದನ್ನು ತಮ್ಮನ ಹೆಂಡತಿ ಹೇಳಿದ ಹಾಗೆ ಬರೆಯುತ್ತೇನೆ. ಹೊಸ ಕಾಂಕ್ರೀಟಿನ ಮೇಲೆ ಅಷ್ಟು ನೀರು ಬಂದದ್ದು ಅದೇ ಮೊದಲು. ಎಡದಂಡೆಯ ತೋಟದಲ್ಲಿ ಕಾಯಿ ಕೀಳುವವರಿಗೆ ಬುತ್ತಿ ತೆಗೆದುಕೊಂಡು ಆರೂ ಮುಕ್ಕಾಲಿಗೆ ತೆಪ್ಪದ ಹತ್ತಿರ ಹೋದಳು. ರಾತ್ರಿ ಪಾಳಿಯ ಹುಡುಗಿ ಕಾರ್ಖಾನೆ ಬಸ್ಸಿನಿಂದ ಇಳಿದು ಬಂದು ಮೆಟ್ಟಿಲ ಮೇಲೆ ತೂಕಡಿಸುತ್ತಿದ್ದಳು. ತೆಪ್ಪದವನು ನೀರಿಗಿಳಿದು ನಿಂತು, ಇವತ್ತು ಎಳೀತೈತೆ ಅಕ್ಕಾರೆ, ಒಂದು ಗಂಟೆ ತಡೀರಿ, ಮೇಲಿನ ಗೇಟಲ್ಲಿ ಕಮ್ಮಿ ಮಾಡ್ತಾರೇನೋ ನೋಡಾನ ಎಂದ. ಬುತ್ತಿ ಆರುತ್ತಿತ್ತು, ಆಳುಗಳು ಆರು ಗಂಟೆಯಿಂದ ಮರ ಹತ್ತಿದ್ದರು.

“ಗೆರೆ ನೋಡಯ್ಯ, ನಾಲ್ಕು ಬೆಟ್ಟು ಮೇಲೈತೆ,” ಎಂದಳಂತೆ ಇವಳು. “ನಮ್ಮ ಭಾವ ಅಳೆದು ಹಾಕಿರೋದು ಅದು. ನಿನ್ನ ಕಾಲಿಗೇನು ಮೀಟರ್ ಫಿಟ್ ಮಾಡವ್ರಾ?”

ಹುಡುಗಿಯೂ ನಕ್ಕಳಂತೆ. ಅವನು ತೆಪ್ಪ ಇಳಿಸಿದ.

ನಡುನಾಲೆಗೆ ಬಂದಾಗ, ನೀರು ಬರುವ ಕಡೆಯ ಅಂಚು ತಗ್ಗಿ ಒಳಗೆ ನೀರು ಹತ್ತತೊಡಗಿತು. ಹಗ್ಗದ ಹಿಡಿತದಲ್ಲಿ ನಿಂತ ತೆಪ್ಪದ ಕೆಳಗೆ ಜೋರು ನೀರು ನುಗ್ಗಿದರೆ ಹೀಗಾಗುತ್ತದೆ. ಹಗ್ಗ ಬಿಟ್ಟು ತೆಪ್ಪವನ್ನು ನೀರಿನ ಜೊತೆ ಹೋಗಲು ಬಿಡಬೇಕು, ಹುಟ್ಟು ಹಾಕಿ ಓರೆಯಾಗಿ ದಡ ಹಿಡಿಯಬೇಕು. ಆದರೆ ಇನ್ನೂರು ಮೀಟರ್ ಕೆಳಗೆ ಗೇಟಿದೆ. ಆ ಓಟದಲ್ಲಿ ಗೇಟಿಗೆ ಮೊದಲು ದಡ ಸಿಗುವ ಭರವಸೆ ಅವನಿಗಿರಲಿಲ್ಲ. ಹಗ್ಗ ಹಿಡಿದೇ ಎಳೆದ. ಅಂಗೈ ಚರ್ಮ ಕಿತ್ತುಬಂದರೂ ಬಿಡಲಿಲ್ಲ. ದಡಕ್ಕೆ ಇನ್ನು ಎಂಟು ಹತ್ತು ಅಡಿ ಇದೆ ಎನ್ನುವಾಗ ತೆಪ್ಪ ತುಂಬಿ ಮಗುಚಿತು.

ತಮ್ಮನ ಹೆಂಡತಿಯ ಕೈಗೆ ಕ್ಯಾನುಗಳು ಸಿಕ್ಕವು. ಅವುಗಳ ಮೇಲೆ ಎದೆ ಹಾಕಿ ತೇಲಿ ದನದ ಇಳಿಜಾರಿಗೆ ಬಡಿದಳು; ಅಲ್ಲೇ ಮಣಿಕಟ್ಟು ಮುರಿಯಿತು. ಹುಡುಗಿ ಬ್ಯಾಗನ್ನು ಕುತ್ತಿಗೆಗೆ ಅಡ್ಡಲಾಗಿ ಹಾಕಿಕೊಂಡಿದ್ದಳು, ಅದು ನೀರು ಕುಡಿದು ಅವಳನ್ನು ಎಳೆಯಿತು. ತೆಪ್ಪದವನು ಅವಳ ಹಿಂದೆ ಹೋದ. ಜುಟ್ಟು ಸಿಕ್ಕಿತು, ದಡ ಸಿಗಲಿಲ್ಲ. ಹಳೆಯ ನಾಲೆಯಾಗಿದ್ದರೆ ಬೇರೋ ಹುಲ್ಲೋ ಕೈಗೆ ಬರುತ್ತಿತ್ತು. ಈ ಕಾಂಕ್ರೀಟಿನಲ್ಲಿ ಉಗುರು ಊರುವಷ್ಟೂ ಜಾಗವಿಲ್ಲ. ಗೇಟಿನ ಪಕ್ಕದ ಕಬ್ಬಿಣದ ಏಣಿಯನ್ನು ಹಿಡಿದು ಅವಳನ್ನು ಮೇಲೆತ್ತಿದ. ಎರಡು ರಾತ್ರಿ ತುಮಕೂರಿನ ಆಸ್ಪತ್ರೆಯಲ್ಲಿದ್ದು ಅವಳು ಮನೆಗೆ ಬಂದಳು.

ತಮ್ಮ ನನಗೆ ಫೋನ್ ಮಾಡಿದ್ದು ಏಳೂ ಹತ್ತಕ್ಕೆ. ನಾನು ಲಿಂಗಪೂಜೆಗೆ ಕೂತಿದ್ದೆ. ಪೂಜೆಯಲ್ಲಿ ಫೋನ್ ತೆಗೆಯುವುದಿಲ್ಲ. ಮೂರು ಸಲ ಹೊಡೆದುಕೊಂಡಿತು. ಏಳೂವರೆಗೆ ಪೂಜೆ ಮುಗಿಸಿ, ಭಸ್ಮದ ಗಟ್ಟಿಯನ್ನು ಡಬ್ಬಿಗೆ ಹಾಕಿ, ಆಮೇಲೆ ಮಾತಾಡಿದೆ.

ಆ ದಿನ ಆಸ್ಪತ್ರೆಯಲ್ಲೇ ಕಳೆಯಿತು. ನೀರು ಗೆರೆಗಿಂತ ಕೆಳಗಿತ್ತೆಂದು ಕೇಳಿದಾಗ ನನಗೂ ಮೊದಲು ಬಂದ ಯೋಚನೆ ಹುಡುಗಿಯ ಗಂಡನದೇ: ಅವನು ಕುಡಿದಿದ್ದನೇನೋ. ಶನಿವಾರ ಬೆಳಿಗ್ಗೆ ಹಳೆಯ ಡೈರಿಗಳನ್ನು ತೆಗೆದೆ. ಗೆರೆ ಎಳೆದ ದಿನದ ಪುಟ ಸಿಕ್ಕಿತು. ನೀರಿನ ಮಟ್ಟ, ಅದರ ಕೆಳಗೆ ಒಂದು ನಿಮಿಷ ಹತ್ತು ಸೆಕೆಂಡ್. ಓದಿದ ಕೂಡಲೇ ಗೊತ್ತಾಯಿತು. ಪುಟದೊಳಗೆ ದಾರ ಇಟ್ಟು ಡೈರಿ ಮುಚ್ಚಿದೆ. ಶನಿವಾರ, ಭಾನುವಾರ, ಸೋಮವಾರ ಯಾರಿಗೂ ಹೇಳಲಿಲ್ಲ. ನಡಿಗೆ, ಪೂಜೆ, ಊಟ, ಪತ್ರಿಕೆ ಎಲ್ಲವೂ ಆಯಾ ಹೊತ್ತಿಗೆ ನಡೆದವು. ಸೋಮವಾರ ತಮ್ಮ ಫೋನ್ ಮಾಡಿ ಮಾರನೆಯ ದಿನದ ವಿಚಾರಣೆಯ ಸುದ್ದಿ ಹೇಳಿದ. ಅಣ್ಣ, ನೀನು ಬರದಿದ್ದರೂ ನಡೆಯುತ್ತೆ ಎಂದು ಸೇರಿಸಿದ. ಗೆರೆಯ ಮಾತು ಅವನ ತಲೆಯಲ್ಲೂ ಇತ್ತೆಂದು ಆಗ ತಿಳಿಯಿತು. ಸರ್ಕಾರಿ ನಾಲೆಯ ಮೇಲೆ ನಿವೃತ್ತ ನೌಕರ ಗುರುತು ಹಾಕಿದ್ದಕ್ಕೆ ನನ್ನ ಪೆನ್ಷನ್‌ಗೆ ಕುತ್ತು ಬಂದೀತೆಂದು ಅವನ ಹೆದರಿಕೆ.

ಮಂಗಳವಾರ ಎಂದಿನ ರೈಲಿನಲ್ಲಿ ನಿಟ್ಟೂರಿಗೆ ಹೋಗಿ, ಅಲ್ಲಿಂದ ತಮ್ಮನ ಸ್ಕೂಟರಿನಲ್ಲಿ ನಾಲೆಗೆ ಹೋದೆ. ಡೈರಿ ಬ್ಯಾಗಿನಲ್ಲಿತ್ತು.

ಎಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೇಲಿನ ಗೇಟಿನ ರಿಜಿಸ್ಟರ್ ನೋಡಿ, ಶುಕ್ರವಾರ ಇದ್ದಷ್ಟೇ ನೀರು ಇವತ್ತೂ ಇದೆ ಎಂದರು. ಗೆರೆ ನಾಲ್ಕು ಬೆರಳು ಮೇಲೆ ಕಾಣುತ್ತಿತ್ತು. ಹುಡುಗಿಯ ಗಂಡ ಗೆರೆಯ ಕಡೆ ಕೈ ಮಾಡಿ, ಇಷ್ಟು ನೀರಲ್ಲಿ ನಮ್ಮ ಎಮ್ಮೆ ಕೂಡ ದಾಟುತ್ತೆ, ಕುಡಿದಿರಲಿಲ್ಲ ಅಂದ್ರೆ ಯಾರು ನಂಬ್ತಾರೆ ಎಂದು ಕೇಳಿದ. ಹೆಡ್ ಕಾನ್‌ಸ್ಟೇಬಲ್ ತೆಪ್ಪದವನ ಕಡೆ ತಿರುಗಿ, ಏನಯ್ಯ, ಏನು ಹೇಳ್ತೀಯ ಎಂದರು. ಅವನ ಎರಡು ಅಂಗೈಗಳಿಗೂ ಬಟ್ಟೆ ಸುತ್ತಿತ್ತು.

“ನನ್ನ ಕೈ ಜಾರ್ತು ಸಾ,” ಎಂದ. “ಅಂಗೇ ಬರ್ಕೊಳಿ.”

ಅವರು ಬರೆಯತೊಡಗಿದರು. ಎಂಜಿನಿಯರ್ ಮೆಟ್ಟಿಲಿಳಿದು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಇದು ನಮ್ಮ ಇಲಾಖೆಯ ಗುರುತಲ್ಲ, ಇದನ್ನ ಯಾರು ಹಾಕಿದ್ದು ಎಂದು ಕೇಳಿದರು. ತಮ್ಮ ಥಟ್ಟನೆ, ಕಂಟ್ರಾಕ್ಟರ್ ಕಡೆಯವರು ಹಾಕಿರಬೇಕು ಮೇಡಂ ಎಂದ. ತೆಪ್ಪದವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಾನು ಹಾಕಿದ್ದು,” ಎಂದೆ. “ಗೆರೆ ತಪ್ಪಾಗಿದೆ. ಅವನ ಕೈ ತಪ್ಪಿಲ್ಲ.”

ತಮ್ಮ, ಅಣ್ಣ ಸುಮ್ನಿರು ಎಂದು ತೋಳು ಹಿಡಿದ. ಬಿಡಿಸಿಕೊಂಡೆ. ಡೈರಿ ತೆಗೆದು ಎಂಜಿನಿಯರ್ ಕೈಗೆ ಕೊಟ್ಟು, ದಾರ ಇಟ್ಟಿದ್ದ ಪುಟ ತೋರಿಸಿದೆ. ಆಮೇಲೆ ಅಳತೆ ಟೇಪು ಹಿಡಿದು ಮೂವತ್ತು ಮೀಟರಿಗೆ ಎರಡು ಗೂಟ ಹೊಡೆಸಿದೆ. ಎಳನೀರಿನ ಬುರುಡೆಗಳು ದಡದಲ್ಲೇ ಬಿದ್ದಿದ್ದವು. ಗಡಿಯಾರ ನಾನು ಹಿಡಿಯಲಿಲ್ಲ. ಹುಡುಗಿಯ ಗಂಡನ ಫೋನಿನಲ್ಲಿ ಅವನೇ ನೋಡಲಿ ಎಂದೆ. ಎಂಜಿನಿಯರ್ ಬುರುಡೆ ಬಿಟ್ಟರು. ಮೊದಲ ಸಲ ಇಪ್ಪತ್ತೆರಡು ಸೆಕೆಂಡ್. ಅವನು ತಾನು ತಪ್ಪು ಒತ್ತಿದೆನೆಂದು ಹೇಳಿ ಇನ್ನೊಮ್ಮೆ ಬಿಡಿಸಿದ. ಇಪ್ಪತ್ತೊಂದು. ಮೂರನೆಯ ಸಲ ಇಪ್ಪತ್ತೆರಡು. ಫೋನನ್ನು ಜೇಬಿಗೆ ಹಾಕಿಕೊಂಡು ನೀರನ್ನೇ ನೋಡುತ್ತ ನಿಂತ.

ಹೆಡ್ ಕಾನ್‌ಸ್ಟೇಬಲ್‌ಗೆ ಇನ್ನೂ ಒಂದು ಪ್ರಶ್ನೆ ಇತ್ತು. ನೀರು ಹೀಗಿದೆ ಅಂತ ನಿನಗೆ ಗೊತ್ತಾಗಲಿಲ್ಲವಾ ಎಂದು ತೆಪ್ಪದವನನ್ನು ಕೇಳಿದರು. ಉತ್ತರ ಕೊಟ್ಟದ್ದು ತಮ್ಮನ ಹೆಂಡತಿ.

“ಗೊತ್ತಿತ್ತು ಸಾರ್. ಎಳೀತೈತೆ ಅಂದ, ಒಂದು ಗಂಟೆ ತಡೀರಿ ಅಂದ. ನಾನೇ ಆಡ್ಕೊಂಡು ಹತ್ತಿದ್ದು.” ನನ್ನ ಕಡೆ ತಿರುಗಿ ಪ್ಲಾಸ್ಟರ್ ಕೈ ಎತ್ತಿದಳು. “ಭಾವನ ಗೆರೆ ಅಂತ ನಂಬ್ದೆ ನೋಡಿ. ಚೆನ್ನಾಗಿ ಅಳೆದಿದ್ರಿ ಬುಡಿ.”

ಯಾರೂ ನಗಲಿಲ್ಲ. ಅವಳೂ ನಗಿಸಲೆಂದು ಹೇಳಿರಲಿಲ್ಲ.

ಹುಡುಗಿಯ ಗಂಡ, ಕುಡಿದಿದ್ದ ಅಂತ ಬರೆದಿರೋದು ತೆಗೀರಿ ಎಂದ. ಹೆಡ್ ಕಾನ್‌ಸ್ಟೇಬಲ್ ಬರೆದಿದ್ದ ಹಾಳೆಯನ್ನು ಮಡಚಿ, ಹೊಸ ಹಾಳೆ ತೆಗೆದು, ನಿಮ್ಮ ಹೇಳಿಕೆ ನೀವೇ ಬರೀರಿ ಎಂದು ನನಗೆ ಕೊಟ್ಟರು. ಕಲ್ಲುಕಂಬದ ನೆರಳಿನಲ್ಲಿ ಕೂತು ಬರೆದೆ. ಗೆರೆ ಯಾವಾಗ ಹಾಕಿದೆ, ಹೇಗೆ ಹಾಕಿದೆ, ಕಾಂಕ್ರೀಟ್ ಆದ ಮೇಲೆ ನೀರಿನ ಓಟವನ್ನು ಮತ್ತೆ ಅಳೆಯಲಿಲ್ಲ, ತೆಪ್ಪದವನ ಎಚ್ಚರಿಕೆಗೆ ಬೋರ್ಡಿನಲ್ಲಿ ಜಾಗ ಕೊಡಲಿಲ್ಲ. ಎರಡು ಪ್ರತಿ. ಒಂದೂ ನಲವತ್ತಕ್ಕೆ ಸಹಿ ಹಾಕಿದೆ. ತೆಪ್ಪದವನ ಮೇಲೆ ಕೇಸಿಲ್ಲ ಎಂದು ಅವರು ಎಲ್ಲರೆದುರು ಹೇಳಿದರು. ನನ್ನನ್ನು ಠಾಣೆಗೆ ಕರೆಯಬೇಕಾಗಬಹುದು ಎಂದರು. ಬರುತ್ತೇನೆ ಎಂದೆ.

ಹೊರಡುವ ಮೊದಲು ಎಂಜಿನಿಯರ್ ಇನ್ನೊಂದು ಮಾತು ಹೇಳಿದರು. ಇಷ್ಟು ಜೋರು ನೀರಿನಲ್ಲಿ ದಾಟುವುದಕ್ಕೆ ಯಾವ ಗೆರೆಯೂ ಆಗುವುದಿಲ್ಲ. ತೆಪ್ಪ ನಿಲ್ಲಬೇಕು, ಸಂಜೆಯೊಳಗೆ ಹಗ್ಗ ಬಿಚ್ಚಬೇಕು, ಕಾಲುಸೇತುವೆಗೆ ಬರೆಯುತ್ತೇನೆ. ನಾನು ಆ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಪ್ಪತ್ತೆರಡು ಸೆಕೆಂಡನ್ನು ಅವರ ಕೈಗೆ ಕೊಟ್ಟವನು ನಾನೇ.

ಎಲ್ಲರೂ ಹೋದ ಮೇಲೆ ತೆಪ್ಪದವನು, ನಾನು ಇಬ್ಬರೇ ಉಳಿದೆವು. ಅವನು, ಗೇಟಿನ ಹತ್ತಿರದಿಂದ ಎತ್ತಿ ತಂದು ಬೋರಲು ಹಾಕಿದ್ದ ತೆಪ್ಪದ ಮೇಲೆ ಕೂತು, ಬಟ್ಟೆ ಸುತ್ತಿದ ಕೈಯಲ್ಲೇ ಬೀಡಿ ಹಚ್ಚಲು ನೋಡಿದ, ಆಗಲಿಲ್ಲ. ಕಡ್ಡಿ ಗೀರಿ ನಾನು ಹಿಡಿದೆ. ಬೀಡಿ ಹತ್ತಿಕೊಂಡ ಮೇಲೆ, ಇದು ನಿಮಗೆ ಯಾವತ್ತು ಗೊತ್ತಾಯ್ತು ಎಂದು ಕೇಳಿದ. ಶನಿವಾರ ಎಂದೆ.

“ಶನಿವಾರ,” ಎಂದ. ಸ್ವಲ್ಪ ಹೊತ್ತು ಸೇದಿದ. “ಶನಿವಾರನೇ ಹೇಳಿದ್ರೆ ಮೂರು ದಿನ ನನ್ನ ಹೆಂಡ್ತಿ ಊರ ನಲ್ಲಿ ಹತ್ರ ಹೋಗಿ ನೀರು ತರ್ತಿದ್ಲು, ಇನ್‌ಸ್ಪೆಕ್ಟ್ರೆ. ಕುಡುಕನ ಹೆಂಡ್ತಿ ಅಂತಾರೆ ಅಂತ ಪಕ್ಕದ ಮನೆ ಬಾವೀಲಿ ಸೇದ್ಕೊಂಡವ್ಳೆ.”

ಮುಂದೇನು ಮಾಡುತ್ತೀಯ ಎಂದು ಕೇಳಿದೆ. ಕುಣಿಗಲ್ಲಿನಲ್ಲಿ ಚಿಕ್ಕಪ್ಪನ ಮಗ ಇನ್ನೂ ಕೆರೆಯಲ್ಲಿ ಬಲೆ ಹಾಕುತ್ತಾನೆ, ತೆಪ್ಪ ಅಲ್ಲಿಗೆ ಕಳಿಸುತ್ತೇನೆ ಎಂದ. ಅಲ್ಲಿ ನಿಂತ ನೀರು, ಕಾಲಿಟ್ಟು ನೋಡುವ ಕೆಲಸವಿಲ್ಲ ಎಂದ. ಅವನೂ ಹೋಗುತ್ತಾನೋ ತೆಪ್ಪ ಮಾತ್ರವೋ ಎಂಬುದನ್ನು ಹೇಳಲಿಲ್ಲ.

ಹಗ್ಗ ಎರಡು ಕಡೆಯೂ ಬಿಚ್ಚಬೇಕಿತ್ತು. ಅವನ ಅಂಗೈಯಲ್ಲಿ ಗಂಟು ಬಿಚ್ಚುವುದು ಸಾಧ್ಯವಿರಲಿಲ್ಲ, ಎಡದಂಡೆಗೆ ನಾನು ಹೋಗುತ್ತೇನೆ ಎಂದೆ. ತಮ್ಮ ಫೋನ್ ಮಾಡಿ ಸ್ಕೂಟರ್ ತರುತ್ತೇನೆ ಎಂದ, ಬೇಡ ಎಂದು ನಡೆದೇ ಹೊರಟೆ. ನಾಲ್ಕೂ ಕಾಲಿಗೆ ಬಿಟ್ಟೆ. ಸೇತುವೆಯವರೆಗೆ ಮೂರು ಕಿಲೋಮೀಟರ್, ಅಲ್ಲಿಂದ ಎಡದಂಡೆಯ ಮೇಲೆ ಹಿಂದಕ್ಕೆ ಮೂರು. ದಾರಿಯಲ್ಲಿ ಹುಡುಗಿಯ ಮನೆ ಸಿಕ್ಕಿತು. ಅವಳು ಜಗುಲಿಯ ಮೇಲೆ ಹೊದ್ದು ಕೂತಿದ್ದಳು. ಇನ್ನು ಬಸ್ಸಿಗೆ ಸೇತುವೆ ಸುತ್ತಿಯೇ ಹೋಗಬೇಕಾಗುತ್ತೆ ಎಂದು ಹೇಳಿದೆ. ಪಾಳಿ ಬದಲಾಯಿಸಿಕೊಡ್ತಾರೇನೋ ಕೇಳ್ಬೇಕು ತಾತ ಎಂದಳು. ದನಿ ಇನ್ನೂ ಒಡೆದಿತ್ತು.

ಕಲ್ಲುಕಂಬ ತಲುಪಿದಾಗ ಐದೂ ಮುಕ್ಕಾಲು. ಮಳೆ ಬಿಸಿಲಿಗೆ ಗಂಟು ಬಿಗಿದು ಕಲ್ಲಿನಂತಾಗಿತ್ತು. ಕುಡುಗೋಲು ತಂದಿರಲಿಲ್ಲ, ತಂದಿದ್ದರೂ ಒಳ್ಳೆಯ ಹಗ್ಗವನ್ನು ಕತ್ತರಿಸುವುದು ನನಗೆ ಸರಿ ಕಾಣುತ್ತಿರಲಿಲ್ಲ. ಬೀಗದ ಕೈಯನ್ನು ಸಂದಿಗೆ ತೂರಿಸಿ ಒಂದೊಂದೇ ಸುತ್ತು ಸಡಿಲಿಸಿದೆ. ಆಚೆ ದಡದಲ್ಲಿ ಅವನು ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು ಕಾಯುತ್ತ ನಿಂತಿದ್ದ. ಬಿಟ್ಟೆ ಎಂದು ಕೈ ಎತ್ತಿ ತೋರಿಸಿದೆ. ತುದಿ ನೀರಿಗೆ ಬಿದ್ದ ಕೂಡಲೇ ಸೆಳೆತಕ್ಕೆ ಸಿಕ್ಕಿ ಹಗ್ಗ ಬಿಲ್ಲಿನ ಹಾಗೆ ಬಾಗಿ ಕೆಳಗೆ ಹೋಯಿತು. ಅವನು ಮೊಣಕೈಯಿಂದ ಎಳೆದೆಳೆದು ಸುತ್ತಿಕೊಂಡ. ಆರೂ ಹತ್ತಕ್ಕೆ ತುದಿ ಅವನ ದಡ ಹತ್ತಿತು.